ಮೈಸೂರು ರಸ್ತೆ ಪಕ್ಕದ ಹೊಳೆ: ಮಗಳಿಗೊಂದು ಪತ್ರ

ಪುಟ್ಟಿ,

ಎದುರಿಗೆ ಕೂತು ಹೇಳಿದರೆ ಜಗಳವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಓದಿ ಮುಗಿಸಿದ ಮೇಲೆ ಬೇಕಾದರೆ ಜಗಳ ಆಡೋಣ.

ಭಾನುವಾರ ನೀನು ಬಂದವಳೇ ಬೂಟು ಹೊರಗೆ ಬಿಸಾಕಿ ಸೀದಾ ಬಚ್ಚಲಿಗೆ ಹೋದೆ. ಊಟಕ್ಕೆ ಕೂತಾಗ ಒಂದೇ ಮಾತು: "ಇನ್ನು ಹೋಗಲ್ಲಮ್ಮ." ಹನ್ನೊಂದು ಜನ ಸೇರಿ ಮೂರು ಗಂಟೆ ಹೊಳೆ ದಂಡೆಯ ಕಸ ಎತ್ತಿದ್ದೀರಿ. ಚೀಲದ ಬಾಯಿ ಕಟ್ಟಿ ಇನ್ನೂ ಬೆನ್ನು ನೆಟ್ಟಗೆ ಮಾಡಿರಲಿಲ್ಲ, ಸ್ಕೂಟರಲ್ಲಿ ಬಂದವನೊಬ್ಬ ಸೇತುವೆ ಮೇಲಿಂದ ಕಸದ ಕವರ್ ಬೀಸಿ ಹೋದನಂತೆ. ಗಾಡಿ ಕೂಡ ನಿಲ್ಲಿಸಲಿಲ್ಲವಂತೆ. ನಿನಗೆ ಅಳುವೇ ಬಂದಿತ್ತು ಅಂತ ಆಮೇಲೆ ನಿನ್ನ ಗೆಳತಿ ಹೇಳಿದಳು.

ಅವನನ್ನು ಬೈಯೋಕೆ ನನಗೆ ಬಾಯಿಲ್ಲ. ನಾನೂ ಎಸೆದವಳೇ. ನೀನು ಚಿಕ್ಕವಳಿದ್ದಾಗ ಹಬ್ಬದ ಮಾರನೇ ದಿನ ದೇವರ ಹೂವು, ಬಾಳೆಕಂದು, ಮಾವಿನ ಸೊಪ್ಪು ಎಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ತುಂಬಿ ಅದೇ ಸೇತುವೆಯಿಂದ ಕೆಳಗೆ ಬಿಡುತ್ತಿದ್ದೆ. ದೇವರ ಹೂವು ತುಳಿಯಬಾರದು, ಹರಿಯುವ ನೀರಿಗೆ ಬಿಡಬೇಕು ಅನ್ನುತ್ತಾರಲ್ಲ, ಹಾಗೆ. ಬಲಗೈಯಲ್ಲಿ ಭಕ್ತಿ, ಎಡಗೈಯಲ್ಲಿ ಮೂಗು. ಕವರ್ ಯಾಕೆ ಬಿಟ್ಟೆ ಅಂತ ಕೇಳಬೇಡ. ಉತ್ತರ ಇಲ್ಲ.

ನಮ್ಮ ಕಡೆ ಅದನ್ನು ಯಾರೂ ಹೊಳೆ ಅನ್ನುವುದಿಲ್ಲ. ಕೆಂಗೇರಿ ಮೋರಿ ಬಂತು ಅಂತ ಬಸ್ಸಿನ ಕಿಟಕಿ ಎಳೆಯುತ್ತಾರೆ. ವೃಷಭಾವತಿ ಅನ್ನುವ ಹೆಸರು ನಿನಗೆ ಗೊತ್ತಾದದ್ದೇ ಕಸ ಎತ್ತುವ ಆ ಗುಂಪು ಸೇರಿದ ಮೇಲೆ, ಅಲ್ವಾ? ಬಸವನಗುಡಿಯ ದೊಡ್ಡ ಬಸವಣ್ಣನ ಕಾಲ ಬುಡದಲ್ಲಿ ಹುಟ್ಟುತ್ತದೆ ಅನ್ನುವುದು ಹಳಬರ ನಂಬಿಕೆ. ಹೆಸರಲ್ಲೇ ಬಸವ ಇದ್ದಾನೆ ನೋಡು. ಗಾಳಿ ಆಂಜನೇಯನ ಗುಡಿ ಪಕ್ಕ ಹಾದು, ಕೆಂಗೇರಿ ದಾಟಿ, ಬಿಡದಿ ಹತ್ತಿರ ಬೈರಮಂಗಲ ಕೆರೆಗೆ ಬಿದ್ದು, ಮುಂದೆ ಅರ್ಕಾವತಿ ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ.

ನಿನ್ನ ಅಜ್ಜಿ ಕೆಂಗೇರಿಗೆ ಸೊಸೆಯಾಗಿ ಬಂದದ್ದು 1960ರ ಸುಮಾರಿಗೆ. ಬಟ್ಟೆ ಒಗೆಯಲು ಹೋಗುತ್ತಿದ್ದುದು ಅಲ್ಲಿಗೇ. ಮರಳು ಬಗೆದು ಒರತೆ ತೋಡಿ, ತಿಳಿಯಾದ ಮೇಲೆ ಬಿಂದಿಗೆ ತುಂಬಿಸಿಕೊಂಡು ಬರುತ್ತಿದ್ದರಂತೆ. ನಾನು ಸ್ಕೂಲಿಗೆ ಹೋಗುವ ಹೊತ್ತಿಗೆ ನೀರು ಕಪ್ಪಾಗಿತ್ತು. ಅವಳು ಹೇಳಿದ್ದನ್ನು ನಾನು ಸುಮ್ನೆ ಕಥೆ ಅಂದುಕೊಂಡಿದ್ದೆ.

"ಕಸ ಎತ್ತಿದ್ರೆ ಹೊಳೆ ಸರಿ ಹೋಗುತ್ತಾ?" ಅಂತ ಕೇಳಿದೆಯಲ್ಲ. ಹೋಗುವುದಿಲ್ಲ. ನಿನಗೆ ಸುಳ್ಳು ಹೇಳಿ ಕಳಿಸಲಾರೆ. ದಂಡೆಯ ಪ್ಲಾಸ್ಟಿಕ್ ಪೂರ್ತಿ ಎತ್ತಿದರೂ ಆ ನೀರು ಕಪ್ಪಾಗಿಯೇ ಇರುತ್ತದೆ. ಅದನ್ನು ಕಪ್ಪು ಮಾಡಿರುವುದು ನಮ್ಮ ಬಚ್ಚಲು, ಕಕ್ಕಸು, ಜೊತೆಗೆ ಕಾರ್ಖಾನೆಗಳು. ಕೊಳಕು ಜಾಸ್ತಿಯಾದಾಗ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಖಾಲಿ ಮಾಡುತ್ತವೆ. ಮೀನು ಬದುಕಬೇಕಾದರೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕು ಅಂತ ಸರ್ಕಾರವೇ ಮಟ್ಟ ಇಟ್ಟಿದೆ. ಆಮ್ಲಜನಕ ತೀರಿದ ಮೇಲೆ ಏಳುವ ಗಾಳಿಯದೇ ಆ ಕೊಳೆತ ಮೊಟ್ಟೆ ವಾಸನೆ. ಬೈರಮಂಗಲದಲ್ಲಿ ಉಕ್ಕುವ ನೊರೆಯಲ್ಲಿ ನಮ್ಮ ಮನೆ ಸೋಪಿನ ಪುಡಿಯ ಪಾಲೂ ಇದೆ.

ಇನ್ನೊಂದು ವಿಷಯ. ನಮ್ಮ ಬೆಂಗಳೂರಿಗೆ ಕಾವೇರಿ ನೀರು ಬಂದದ್ದು 1974ರಲ್ಲಿ. ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಪಂಪು ಮಾಡಿ ತರುತ್ತಾರೆ. ನಾವು ಮಿಂದು, ಪಾತ್ರೆ ತೊಳೆದು ಬಿಟ್ಟದ್ದು ವೃಷಭಾವತಿ ಹಿಡಿದು ವಾಪಸ್ ಕಾವೇರಿಗೇ ಇಳಿಯುತ್ತದೆ. ಆದರೆ ನಾವು ನೀರು ಎತ್ತುವ ಜಾಗ ಕಾವೇರಿಯ ಮೇಲ್ಗಡೆ, ಬಿಡುವ ಜಾಗ ಕೆಳಗಡೆ. ಹಾಗಾಗಿ ನಮ್ಮ ಲೋಟಕ್ಕೆ ನಮ್ಮ ವಾಸನೆ ತಟ್ಟುವುದಿಲ್ಲ. ಬೈರಮಂಗಲದ ರೈತನಿಗೆ ತಟ್ಟುತ್ತದೆ.

ಮತ್ತೆ ನೀನು ಯಾಕೆ ಹೋಗಬೇಕು? ಭಾನುವಾರ ಸಾರು ಕಲಸುತ್ತಾ ಬೈದುಕೊಳ್ಳುವ ನಡುವೆ ನೀನೇ ಒಂದು ಮಾತು ಹೇಳಿದೆ. ತಿರುವಿನಲ್ಲಿ ಒಂದು ಪೈಪಿದೆ, ಎಂಟು ಗಂಟೆವರೆಗೂ ಒಣಗಿತ್ತು, ಆಮೇಲೆ ಇದ್ದಕ್ಕಿದ್ದಂತೆ ನೀಲಿ ನೀರು ಬಂತು ಅಂತ. ಅದರ ಪಕ್ಕದಲ್ಲೇ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ ನಿಂತಿತ್ತು ಅಂತಲೂ ಹೇಳಿದೆ. ಪುಟ್ಟಿ, ನಾನು ಮೂವತ್ತು ವರ್ಷದಿಂದ ಆ ಸೇತುವೆ ದಾಟುತ್ತಿದ್ದೇನೆ. ನನಗೆ ಪೈಪೂ ಕಂಡಿರಲಿಲ್ಲ, ಹಕ್ಕಿಯೂ ಕಂಡಿರಲಿಲ್ಲ.

ಒಂದು ಸಲ ವಾಸನೆ ತಡೆಯಲಾರದೆ ಒಂದು ಕಚೇರಿಗೆ ಫೋನ್ ಮಾಡಿದ್ದೆ. ಅತ್ತ ಕಡೆಯವರು ಕೇಳಿದ್ದು ಎರಡೇ ಪ್ರಶ್ನೆ: "ಯಾವ ಪೈಪು? ಎಷ್ಟು ಹೊತ್ತಿಗೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಿನ್ನ ಹತ್ತಿರ ಇದೆ. ಅದನ್ನು ಬರೆದಿಡು. ತಾರೀಕು, ಗಂಟೆ, ನೀರಿನ ಬಣ್ಣ, ಹಿಂದಿನ ದಿನ ಮಳೆ ಬಂದಿತ್ತೋ ಇಲ್ಲವೋ. ಫೋಟೋ ತೆಗಿ. ಹತ್ತು ಭಾನುವಾರ ಬರೆದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಮೇಜಿನ ಮೇಲೆ ಇಡುವಂಥ ಕಾಗದವಾಗುತ್ತದೆ. ರಾಜಕಾಲುವೆಗೆ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆಗೆ, ಕೊಳಕು ನೀರು ಕದ್ದು ಬಿಡುವವರಿಗೆ ಧೈರ್ಯ ಬರುವುದೇ ಅಲ್ಲಿಗೆ ಯಾರೂ ಇಣುಕುವುದಿಲ್ಲ ಅನ್ನುವುದರಿಂದ. ಕಸ ಎತ್ತುವ ನೆಪದಲ್ಲಾದರೂ ಹನ್ನೊಂದು ಜನ ಅಲ್ಲಿ ಮೂರು ಗಂಟೆ ನಿಂತಿದ್ದಿರಿ.

ಕಸ ಎತ್ತುವುದೂ ಬೇಡ ಅನ್ನುತ್ತಿಲ್ಲ. ಮಳೆಗಾಲದಲ್ಲಿ ಅದೇ ಕವರುಗಳು ಮೋರಿಗಳಲ್ಲಿ ಸಿಕ್ಕಿಕೊಂಡು ನೀರು ಮನೆಗಳಿಗೆ ನುಗ್ಗುತ್ತದೆ. ಆದರೆ ಚೀಲದ ಲೆಕ್ಕ ಹಾಕಿ ಫೋಟೋ ಹಾಕಿಕೊಳ್ಳುವ ಚಟ ಬೇಡ. ನಮ್ಮ ಬೀದಿಯ ಪೌರಕಾರ್ಮಿಕ ಅಕ್ಕ ದಿನಾ ಎತ್ತುತ್ತಾಳೆ. ಅವಳ ಫೋಟೋ ಯಾರು ಹಾಕಿದರು?

ಇನ್ನು ಅಮ್ಮನ ಕಾನೂನು. ನೀರಿಗೆ ಇಳಿಯಕೂಡದು, ಪಾದ ಮುಳುಗುವಷ್ಟು ಕೂಡ. ಕೈಗೆ ಗಾಯ ಇದ್ದ ದಿನ ಬರೆಯುವ ಕೆಲಸ ಮಾತ್ರ. ಇಲಿ ಜ್ವರ ಗಾಯದ ಮೂಲಕವೂ ಬರುತ್ತದೆ. ಮೋಡ ಕಟ್ಟಿದರೆ ದಂಡೆ ಬಿಟ್ಟು ಮೇಲೆ ಬಂದುಬಿಡಿ. ಇಲ್ಲಿ ಮಳೆ ಬರದಿದ್ದರೂ ಮೇಲಿನ ಬಡಾವಣೆಗಳಲ್ಲಿ ಸುರಿದರೆ ಸಾಕು, ರಾಜಕಾಲುವೆ ನೋಡನೋಡುತ್ತಾ ಏರುತ್ತದೆ. ಮತ್ತೆ, ಅಲ್ಲಿ ಹುಡುಗಿಯರಿಗೆ ಟಾಯ್ಲೆಟ್ ಇಲ್ಲ ಅಂತ ನೀರೇ ಕುಡಿಯದೆ ಹೋಗಿದ್ದೆ ನೀನು. ಅದು ನನಗೆ ಗೊತ್ತಾಗಲಿಲ್ಲ ಅಂದುಕೊಂಡೆಯಾ? ಸೇತುವೆ ಹತ್ತಿರದ ಹೋಟೆಲಿನವರ ಜೊತೆ ಮಾತಾಡಿದ್ದೇನೆ. ಬನ್ನಿ ಅಂದಿದ್ದಾರೆ.

ಗ್ಲೌಸ್ ಎರಡು ಜೊತೆ ತಂದಿದ್ದೇನೆ. ಒಂದು ನನಗೆ. ಈ ಭಾನುವಾರ ನಾನೂ ಬರುತ್ತೇನೆ, ಆ ಪೈಪು ತೋರಿಸು. ನಿನ್ನ ಸ್ನೇಹಿತರ ಮುಂದೆ ಪುಟ್ಟಿ ಅಂತ ಕರೆಯುವುದಿಲ್ಲ, ಆಣೆ.

ಬೂಟು ಇನ್ನೂ ಹೊರಗೇ ಬಿದ್ದಿದೆ. ಅದನ್ನು ನಾನು ತೊಳೆಯುವುದಿಲ್ಲ.

ಅಮ್ಮ