ಕೀಟಕ್ಕೆ ಫ್ರಿಜ್ ಬೇಡ, ನಮಗೆ ಅಲಾರಂ ಸಾಕು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮ್ಯಾಕ್ರೊ ಫೋಟೊಗ್ರಫಿ, ಎಂದರೆ ಸಣ್ಣ ವಸ್ತುಗಳನ್ನು ತೀರ ಹತ್ತಿರದಿಂದ ದೊಡ್ಡದಾಗಿ ತೆಗೆಯುವುದನ್ನು, ಕಲಿಯುವವರಿಗೆಂದು ಬಂದ ಲೇಖನ ಓದಿದೆ. ಲೆನ್ಸಿನ ಬಗ್ಗೆ, ಬೆಳಕಿನ ಬಗ್ಗೆ ಬರೆದದ್ದೆಲ್ಲ ಸರಿಯಾಗಿಯೇ ಇದೆ. ನನ್ನ ತಕರಾರು ಒಂದೇ ಒಂದು ಸಲಹೆಯ ಮೇಲೆ: ಕೀಟ ಓಡಾಡುತ್ತಿದ್ದರೆ ಡಬ್ಬಿಗೆ ಹಾಕಿ ಐದು ನಿಮಿಷ ಫ್ರಿಜ್‌ನಲ್ಲಿಡಿ, ಸುಮ್ಮನೆ ಕೂರುತ್ತದೆ ಎಂಬುದು. ಸುಮ್ಮನೆ ಕೂರುವುದೇನೋ ನಿಜ. ಆದರೆ ಮೂವತ್ತು ವರ್ಷ ಗಣಿತ ಪಾಠ ಮಾಡಿದವಳು ನಾನು; ಸುಮ್ಮನೆ ಕೂತವರೆಲ್ಲ ಚೆನ್ನಾಗಿದ್ದಾರೆ ಎಂದು ನಂಬುವ ಅಭ್ಯಾಸ ನನಗಿಲ್ಲ.

ಈ ಉಪಾಯ ನನಗೆ ಹೊಸದೂ ಅಲ್ಲ. ಕ್ಯಾಮೆರಾ ಹಿಡಿದ ಮೊದಲ ವರ್ಷ ನಾನೇ ಮಾಡಿದ್ದೇನೆ. ದಾಸವಾಳದ ಮೊಗ್ಗಿನ ತುಂಬ ಸಸ್ಯಹೇನು ಕೂತಿತ್ತು, ಅದನ್ನು ತಿನ್ನಲು ಒಂದು ಗುಲಗಂಜಿ ಹುಳು ಬಂದಿತ್ತು. ಒಂದು ಕ್ಷಣ ನಿಂತಲ್ಲಿ ನಿಲ್ಲದು. ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟೆ, ಹತ್ತು ನಿಮಿಷ ಬಿಟ್ಟು ತಂದು ಎಲೆಯ ಮೇಲೆ ಕೂರಿಸಿದೆ. ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವ ಹಾಗೆ ಅದರ ಕೆಂಪು ಬೆನ್ನಿನ ಮೇಲೆಲ್ಲ ಸಣ್ಣ ಸಣ್ಣ ಹನಿ ಮೂಡಿತು. ಎಷ್ಟು ಚಂದ ಎಂದರೆ, ನಾನು ಬೇರೇನನ್ನೂ ನೋಡಲೇ ಇಲ್ಲ. ಮರಗಟ್ಟಿದ ಕಾಲುಗಳಿಗೆ ಎಲೆ ಹಿಡಿದುಕೊಳ್ಳಲು ಆಗುತ್ತಿರಲಿಲ್ಲ. ಜಾರಿ ಮಣ್ಣಿಗೆ ಬಿತ್ತು, ಅಂಗಾತ. ಹೇನು ಒಸರುವ ಸಿಹಿ ರಸದಾಸೆಗೆ ಅಲ್ಲೇ ಕಾವಲಿದ್ದ ಇರುವೆಗಳಿಗೆ ಗುಲಗಂಜಿ ಹುಳು ಹುಟ್ಟಾ ಶತ್ರು. ಎಚ್ಚರವಿದ್ದಿದ್ದರೆ ಚಿಪ್ಪನ್ನು ಎಲೆಗೆ ಒತ್ತಿ ಕೂತು ತಪ್ಪಿಸಿಕೊಳ್ಳುತ್ತಿತ್ತು, ಇಲ್ಲವೇ ಹಾರಿಹೋಗುತ್ತಿತ್ತು. ನಾನು ಬ್ಯಾಟರಿ ಬದಲಿಸಿ ಬಗ್ಗುವಷ್ಟರಲ್ಲಿ ಇರುವೆಗಳು ಅದನ್ನು ಎಳೆದೊಯ್ಯುತ್ತಿದ್ದವು.

ಅಷ್ಟಕ್ಕೂ ಫ್ರಿಜ್ ಮಾಡುವ ಕೆಲಸವನ್ನು ರಾತ್ರಿಯ ತಂಪು ಪುಕ್ಕಟೆಯಾಗಿ ಮಾಡಿಟ್ಟಿರುತ್ತದೆ. ಹೆಚ್ಚಿನ ಕೀಟಗಳ ಮೈಬಿಸಿ ಸುತ್ತಲಿನ ಗಾಳಿಯನ್ನು ಅನುಸರಿಸಿ ಏರಿಳಿಯುತ್ತದೆ. ಬೆಳಗಿನ ಜಾವ ಚಿಟ್ಟೆ ಹಾರಲಾರದು, ರೆಕ್ಕೆ ಹರಡಿ ಬಿಸಿಲು ಕಾಯಿಸಿಕೊಳ್ಳಬೇಕು. ವ್ಯತ್ಯಾಸ ಇಷ್ಟೇ: ಅದು ತಾನೇ ಆರಿಸಿಕೊಂಡ ಜಾಗದಲ್ಲಿ, ಹಿಡಿತ ಬಿಡದೆ ಮಲಗಿರುತ್ತದೆ.

ನನ್ನ ತೋಟದ ಒಂದು ಒಣಕಡ್ಡಿಯ ವಿಷಯ ಹೇಳಲೇಬೇಕು. ಸಂಜೆಯಾದರೆ ಅದಕ್ಕೆ ನೀಲಿಪಟ್ಟೆಯ ಒಂಟಿಜೇನುಗಳು ಬರುತ್ತವೆ, ಎಲ್ಲವೂ ಗಂಡು. ಈ ಜಾತಿಯ ಹೆಣ್ಣು ಮಣ್ಣಿನಲ್ಲಿ ಬಿಲ ತೋಡಿಕೊಂಡು ಮಲಗುತ್ತದೆ, ಗಂಡಿಗೆ ಮನೆಯಿಲ್ಲ. ಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಕಾಲು ಮಡಚಿ, ಸಾಲಾಗಿ ನಿದ್ದೆ ಹೋಗುತ್ತವೆ. ಹಲ್ಲು ಕಚ್ಚಿಕೊಂಡು ದಿನ ದೂಡುವುದು ಎನ್ನುತ್ತೇವಲ್ಲ, ಇವು ರಾತ್ರಿ ದೂಡುತ್ತವೆ. ಮೂರು ವಾರದಿಂದ ಐದೂವರೆಗೆ ಎದ್ದು ಹೋಗುತ್ತಿದ್ದೇನೆ. ಒಂದು ದಿನ ಏಳು ಇದ್ದವು. ಬಿಸಿಲು ತಾಗಿದ ಮೇಲೆ ಮೊದಲು ಮೀಸೆ ತೀಡುತ್ತವೆ. ಆಮೇಲೆ ಎದೆಯ ಸ್ನಾಯುಗಳನ್ನು ನಡುಗಿಸಿ ಮೈ ಬಿಸಿ ಮಾಡಿಕೊಂಡು ಒಂದೊಂದಾಗಿ ಹೊರಡುತ್ತವೆ. ಅಲ್ಲಿಯವರೆಗಿನ ಅರ್ಧ ಗಂಟೆ ಪೂರ್ತಿ ನನ್ನದು. ಇದನ್ನು ಯಾವ ಡಬ್ಬಿಯಲ್ಲಿಟ್ಟು ನೋಡುವುದು?

ಕಷ್ಟ ಇಲ್ಲವೆಂದಲ್ಲ. ಲೆಕ್ಕ ಹೇಳುತ್ತೇನೆ, ಹಳೆಯ ಚಾಳಿ. ಫುಲ್ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 1:1 ಗಾತ್ರಕ್ಕೆ, ಎಂದರೆ ಸೆನ್ಸರಿನ ಮೇಲೆ ಕೀಟ ಇದ್ದಷ್ಟೇ ದೊಡ್ಡದಾಗಿ ಮೂಡುವಂತೆ ತೆಗೆದರೆ, ಲೆನ್ಸಿನ ಕಂಡಿಯನ್ನು ಎಫ್ 11ರಷ್ಟು ಕಿರಿದು ಮಾಡಿದರೂ ಸ್ಪಷ್ಟವಾಗಿ ಬರುವ ಆಳ ಹೆಚ್ಚುಕಡಿಮೆ 1.3 ಮಿಲಿಮೀಟರ್. ಜೇನಿನ ಕಣ್ಣು ಸಿಕ್ಕಿದರೆ ಪಟ್ಟೆ ಸಿಗದು. ಇನ್ನೂ ಕಿರಿದಾದ ಎಫ್ 22ಕ್ಕೆ ಹೋದರೆ ಆಳ ಹೆಚ್ಚುತ್ತದೆ, ಆದರೆ ಕಿರಿದಾದ ಕಂಡಿಯಲ್ಲಿ ಬೆಳಕು ಬಾಗಿ ಹರಡುವ ವಿವರ್ತನೆಯಿಂದ ಚಿತ್ರವೆಲ್ಲ ಮಂಕಾಗುತ್ತದೆ. ನಾನು ಉಸಿರು ಬಿಟ್ಟರೂ ಫೋಕಸ್ ಜಾರುತ್ತದೆ. ತೊಂಬತ್ತು ಕ್ಲಿಕ್ಕಿಸಿದರೆ ನಾಲ್ಕು ಉಳಿದಾವು. ಫ್ಲಾಶಿಗೆ ಬಿಳಿ ಹಾಳೆ ಅಡ್ಡ ಕಟ್ಟಿಕೊಂಡರೆ ಐದು.

ಹೂವಿನ ಮಟ್ಟಿಗೆ ನನ್ನದೇನೂ ತಕರಾರಿಲ್ಲ. ಗಾಳಿಗೆ ತೊನೆಯುವ ದಂಟನ್ನು ಕ್ಲಿಪ್ಪು ಹಾಕಿ ನಿಲ್ಲಿಸಿ, ನೀರು ಚಿಮುಕಿಸಿ, ಹೂವಿಗೆ ನಷ್ಟವಿಲ್ಲ.

ಹಾಗೆಯೇ ಇನ್ನೊಂದು ಮಾತು. ಅದೇ ಪುಟದಲ್ಲಿ 'ಮಕರಂದ ಹೀರುತ್ತಿರುವ ಜೇನು' ಎಂಬ ಶೀರ್ಷಿಕೆಯಡಿ ಅಚ್ಚಾದದ್ದು ಜೇನಲ್ಲ, ಹೂನೊಣ. ಜೇನಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಮೀಸೆಯೂ ಮೋಟು. ಹಕ್ಕಿಗಳು ಮೋಸಹೋಗಲಿ ಎಂದೇ ಅದು ಆ ವೇಷ ಹಾಕಿರುವುದು, ಪತ್ರಿಕೆಯವರೂ ಮೋಸಹೋದರೆ ಬೈಯುವಂತಿಲ್ಲ.

ನನ್ನ ಬೇಡಿಕೆ ಚಿಕ್ಕದು. ಓದುಗರು ಕಳಿಸುವ ಕೀಟಗಳ ಚಿತ್ರದ ಕೆಳಗೆ, ಅದನ್ನು ಹೇಗೆ ತೆಗೆದದ್ದು ಎಂಬ ಒಂದು ಸಾಲನ್ನು ಅವರಿಂದಲೇ ಬರೆಸಿ ಹಾಕಿ. ತೋಟದಲ್ಲೋ ಗಾಜಿನ ಪೆಟ್ಟಿಗೆಯಲ್ಲೋ, ಬದುಕಿತ್ತೋ ಸತ್ತಿತ್ತೋ, ಒಂದೇ ಚಿತ್ರವೋ, ಬೇರೆ ಬೇರೆ ಆಳಕ್ಕೆ ಫೋಕಸ್ ಮಾಡಿದ ಹತ್ತಾರು ಚಿತ್ರ ಪೇರಿಸಿ ಮಾಡಿದ್ದೋ. ಹೊಸದಾಗಿ ಕಲಿಯುವ ಹುಡುಗರು ನಿಮ್ಮ ಪುಟ ನೋಡಿಯೇ ಕಲಿಯುತ್ತಾರೆ.

ತಿದ್ದುಪಡಿಯನ್ನು ನನ್ನಿಂದಲೇ ಆರಂಭಿಸಬಹುದು. ಆ ಗುಲಗಂಜಿ ಹುಳುವಿನ ಚಿತ್ರವನ್ನು ಅಂದು ನಿಮಗೇ ಕಳಿಸಿದ್ದೆ, ನೀವು ಅರ್ಧ ಪುಟದಷ್ಟು ದೊಡ್ಡದಾಗಿ ಹಾಕಿದ್ದಿರಿ. ಕೆಳಗೆ 'ಮುಂಜಾವಿನ ಇಬ್ಬನಿಯಲ್ಲಿ ಮಿಂದು' ಎಂದಿತ್ತು. ಆಗ ಮಧ್ಯಾಹ್ನ ಮೂರು ಗಂಟೆ, ಆ ಇಬ್ಬನಿ ನಮ್ಮ ಫ್ರಿಜ್‌ನದು.

ಇತಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕಿ