ಡ್ರೋನ್ ಕೊಳ್ಳುವ ಮೊದಲು ತೊಗರಿ ಹೊಲದಲ್ಲಿ ಅಳೆದು ನೋಡಬೇಕು

ಮಾನ್ಯ ಸಂಪಾದಕರೇ,

ಕಲಬುರಗಿ ಜಿಲ್ಲೆಯ ರೈತ ಉತ್ಪಾದಕ ಸಂಸ್ಥೆಗಳಲ್ಲಿ, ಮಹಿಳಾ ಸ್ವಸಹಾಯ ಸಂಘಗಳಲ್ಲಿ ಈಗ ಔಷಧಿ ಸಿಂಪಡಿಸುವ ಡ್ರೋನ್ ಕೊಳ್ಳುವ ಮಾತು ನಡೆದಿದೆ. ನಾನು ಸದಸ್ಯನಾಗಿರುವ ಸಂಸ್ಥೆಯಲ್ಲೂ ಅದೇ ಚರ್ಚೆ. ಆದರೆ ಟ್ಯಾಂಕ್ ಎಷ್ಟು ಲೀಟರಿನದು, ಸಬ್ಸಿಡಿ ಎಷ್ಟು ಸಿಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ದಾಟಿ ಮಾತು ಮುಂದೆ ಹೋಗುತ್ತಿಲ್ಲ. ನಮ್ಮ ಬೆಳೆಯ ಮೇಲೆ, ನಮ್ಮ ಗಾಳಿಯಲ್ಲಿ ಯಂತ್ರ ಹೇಗೆ ಸಿಂಪಡಿಸುತ್ತದೆ ಎಂಬುದನ್ನು ಅಳೆದು ನೋಡದೆ ಯಾವ ಡ್ರೋನನ್ನೂ ಕೊಳ್ಳಬಾರದು, ಹಾಗೆ ಅಳೆದು ತೋರಿಸುವ ಹೊಣೆಯನ್ನು ಕೃಷಿ ಇಲಾಖೆ ಹಾಗೂ ರಾಯಚೂರು ಕೃಷಿ ವಿಶ್ವವಿದ್ಯಾಲಯ ಹೊರಬೇಕು ಎಂಬುದು ನನ್ನ ಒತ್ತಾಯ.

ಡ್ರೋನ್ ಬೇಡವೆಂದು ನಾನು ಹೇಳುತ್ತಿಲ್ಲ. ತೊಗರಿ ಹೂವಿಗೆ ಬರುವ ಹೊತ್ತಿಗೆ ಗಿಡ ಆಳೆತ್ತರ ಬೆಳೆದು ಸಾಲುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಒಳಗೆ ನುಗ್ಗುವ ಕೂಲಿಯಾಳಿನ ಮುಖಕ್ಕೆ, ಕಣ್ಣಿಗೆ ಬೆಳೆಗೆ ಬೀಳುವಷ್ಟೇ ಔಷಧಿ ಬೀಳುತ್ತದೆ. ಮಳೆ ಬಂದರಂತೂ ಎರೆ ಭೂಮಿಯಲ್ಲಿ ಮೂರ್ನಾಲ್ಕು ದಿನ ಕಾಲಿಡಲಾಗದು, ಕಾಯಿಕೊರಕ ಮಾತ್ರ ಆ ದಿನಗಳಲ್ಲೇ ಮೊಗ್ಗು ತಿಂದು ಮುಗಿಸುತ್ತದೆ. ಹುಳು ಕೂರುವ ಹೂವು ಮತ್ತು ಕಾಯಿ ಗಿಡದ ಮೇಲ್ಭಾಗದಲ್ಲೇ ಇರುವುದರಿಂದ, ಮೇಲಿನಿಂದ ಸಿಂಪಡಿಸುವ ಯಂತ್ರ ತೊಗರಿಗೆ ಹೊಂದುವಷ್ಟು ಎಲ್ಲ ಬೆಳೆಗೂ ಹೊಂದುವುದಿಲ್ಲ. ಹತ್ತಿಯಲ್ಲಿ ರಸ ಹೀರುವ ಕೀಟಗಳು ಎಲೆಯ ಅಡಿಯಲ್ಲಿರುತ್ತವೆ. ಅಲ್ಲಿಗೆ ಹನಿ ತಲುಪುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಹಾಗಾಗಿ ಯಂತ್ರದ ಆಯ್ಕೆ ಬೆಳೆಯಿಂದ ಶುರುವಾಗಬೇಕು.

ಡೀಲರುಗಳು ಹತ್ತು ಲೀಟರಿನ ಟ್ಯಾಂಕು, ಏಳೆಂಟು ನಿಮಿಷಕ್ಕೆ ಒಂದು ಎಕರೆ ಎಂದು ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಕೊಳ್ಳುವವರು ಕೇಳಬೇಕಾದದ್ದು ಹನಿಯ ಗಾತ್ರವನ್ನು. ಈ ಡ್ರೋನ್‌ಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ನಾಜಲ್‌ಗಳಿವೆ, ಅಂದರೆ ಔಷಧಿ ಹೊರಚಿಮ್ಮುವ ಮೂತಿಗಳು: ಪಂಪಿನ ಒತ್ತಡದಿಂದ ಬೀಸಣಿಗೆಯಂತೆ ಹರಡುವ ಫ್ಲ್ಯಾಟ್ ಫ್ಯಾನ್ ಮತ್ತು ವೇಗವಾಗಿ ತಿರುಗುವ ತಟ್ಟೆಯಿಂದ ದ್ರಾವಣವನ್ನು ಸಿಡಿಸುವ ಸೆಂಟ್ರಿಫ್ಯೂಗಲ್. ಎರಡನೆಯದರಲ್ಲಿ ತಟ್ಟೆಯ ವೇಗ ಬದಲಿಸಿ ಹನಿಯನ್ನು ಸಣ್ಣದು ದೊಡ್ಡದು ಮಾಡಿಕೊಳ್ಳಬಹುದು. ಹನಿ ಸಣ್ಣದಾದಷ್ಟೂ ಗಿಡದ ಮೇಲೆ ಹೆಚ್ಚು ಜಾಗಕ್ಕೆ ಹರಡುತ್ತದೆ ನಿಜ, ಆದರೆ ಗಾಳಿಗೆ ತೇಲಿಹೋಗುವುದೂ ಬಿಸಿಲಿಗೆ ನಡುವೆಯೇ ಆರಿಹೋಗುವುದೂ ಅಷ್ಟೇ ಹೆಚ್ಚು. ನೀರಿನಲ್ಲಿ ಕರಗದ ಪುಡಿ ರೂಪದ ಔಷಧಿಗಳು ಹತ್ತೇ ಲೀಟರಿನಲ್ಲಿ ಗಸಿಯಾಗಿ ತಳಕ್ಕೆ ಕೂತು ನಾಜಲ್ ಕಟ್ಟಿಸುತ್ತವೆ. ಒಂದು ನಾಜಲ್ ಕಟ್ಟಿದ್ದನ್ನು ಯಂತ್ರ ತಾನೇ ಗುರುತಿಸುತ್ತದೆಯೇ, ತಿರುವಿನಲ್ಲಿ ವೇಗ ಕಡಿಮೆಯಾದಾಗ ಔಷಧಿಯ ಹರಿವನ್ನೂ ತಗ್ಗಿಸುತ್ತದೆಯೇ ಎಂದು ಕೇಳಿದರೆ ಹಲವು ಮಾರಾಟಗಾರರು ಬ್ರೋಷರ್ ತಿರುವಿ ಹಾಕುತ್ತಾರೆ. ಬೇಕಾದ ಕಡೆ ಬೇಕಾದಷ್ಟೇ ಕೊಡುವ ನಿಖರ ಕೃಷಿಯ ಹೆಸರಿನಲ್ಲಿ ಮಾರುವ ಯಂತ್ರವೊಂದು ಹೊಲದ ತುಂಬ ಒಂದೇ ಸಮನೆ ಸುರಿದು ಬರುವುದಾದರೆ, ಹುಳು ಬಿದ್ದ ಭಾಗದ ನಕ್ಷೆ ಕೊಟ್ಟರೂ ಅಲ್ಲಿಗಷ್ಟೇ ಹೊಡೆಯಲು ಬಾರದಿದ್ದರೆ, ಆ ಹೆಸರಿಗೆ ಅರ್ಥವಿಲ್ಲ.

ಇದನ್ನು ಅಳೆಯುವ ವಿಧಾನ ಕಷ್ಟದ್ದೂ ಅಲ್ಲ, ದುಬಾರಿಯೂ ಅಲ್ಲ. ನೀರಿನ ಹನಿ ಬಿದ್ದೊಡನೆ ಹಳದಿಯಿಂದ ನೀಲಿಗೆ ತಿರುಗುವ ಸಣ್ಣ ಕಾಗದದ ಚೀಟಿಗಳಿವೆ. ಗಿಡದ ತುದಿಗೆ, ನಡುವಿಗೆ, ಬುಡಕ್ಕೆ ಒಂದೊಂದು ಸಿಕ್ಕಿಸಿ, ಡ್ರೋನ್ ಹಾರುವ ದಾರಿಗೆ ಅಡ್ಡಲಾಗಿ ಇನ್ನಷ್ಟು ಇಟ್ಟು, ಟ್ಯಾಂಕಿಗೆ ಬರೀ ನೀರು ತುಂಬಿ ಹಾರಿಸಿದರೆ ಸಾಕು. ಹನಿ ಎಲ್ಲಿ ದಟ್ಟವಾಗಿ ಬಿದ್ದಿದೆ, ಎಲ್ಲಿ ಬಿದ್ದೇ ಇಲ್ಲ, ಬದುವಿನಾಚೆ ಎಷ್ಟು ದೂರ ತೇಲಿದೆ ಎಂಬುದೆಲ್ಲ ಆ ಚೀಟಿಗಳ ಮೇಲೆಯೇ ಕಾಣುತ್ತದೆ. ಐದಾರು ಮೀಟರ್ ಅಗಲ ಹರಡುತ್ತದೆ ಎಂದು ಹೇಳುವ ಯಂತ್ರ ನಡುವೆ ಸುರಿದು ಅಂಚಿನಲ್ಲಿ ಬರೀ ಸೋಕಿಸಿ ಹೋದರೆ, ಉಳಿದ ಹುಳು ಅಂಚಿನಿಂದಲೇ ಮತ್ತೆ ಹಬ್ಬುತ್ತದೆ. ಈ ಪರೀಕ್ಷೆಗೆ ಒಪ್ಪದ ಡೀಲರಿನಿಂದ ಕೊಳ್ಳುವ ಅಗತ್ಯ ಯಾರಿಗೂ ಇಲ್ಲ.

ಬದುವಿನಾಚೆ ತೇಲುವ ವಿಷಯವನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ಪರಿಗಣಿಸುತ್ತೇನೆ. ಕೈಪಂಪಿನಲ್ಲಿ ಎಕರೆಗೆ ಸುಮಾರು 200 ಲೀಟರ್ ನೀರಿಗೆ ಬೆರೆಸುವ ಔಷಧಿಯನ್ನು ಡ್ರೋನಿನಲ್ಲಿ ಹತ್ತು ಲೀಟರಿಗೆ ಬೆರೆಸುತ್ತೇವೆ. ಎಕರೆಗೆ ಬೀಳುವ ಔಷಧಿ ಅಷ್ಟೇ, ಆದರೆ ಪ್ರತಿ ಹನಿಯೂ ಇಪ್ಪತ್ತು ಪಟ್ಟು ಗಟ್ಟಿ. ನಮ್ಮಲ್ಲಿ ಪಂಪಿಗೆ ಇಷ್ಟು ಎಂ.ಎಲ್. ಎಂದು ಲೆಕ್ಕ ಹಾಕುವ ರೂಢಿ ಬೇರೂರಿದೆ, ಡ್ರೋನ್ ಬಂದ ಮೇಲೆ ಎಕರೆಗೆ ಇಷ್ಟು ಎಂದು ಲೆಕ್ಕ ಬದಲಾಗಲೇಬೇಕು. ಜೋಳದಲ್ಲಿ ಕಳೆಗೆಂದು ಹೊಡೆದ 2,4-ಡಿ ಪಕ್ಕದ ಹತ್ತಿಗೆ ತುಸು ತಾಗಿದರೂ ಎಲೆ ಮುರುಟಿ ಬೆಳೆ ಕೆಡುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಕಡೆ ಟೊಮೆಟೊಗೆ ಹೊಡೆದ ಕೀಟನಾಶಕ ಹಿಪ್ಪುನೇರಳೆ ತೋಟಕ್ಕೆ ಹಾರಿದರೆ ಆ ಸೊಪ್ಪು ತಿಂದ ರೇಷ್ಮೆ ಹುಳು ಉಳಿಯುವುದಿಲ್ಲ. ಅಲ್ಲಿ ಒಬ್ಬನ ಅಜಾಗರೂಕತೆಗೆ ಇನ್ನೊಂದು ಮನೆಯ ಇಡೀ ಬೆಳೆ ಹೋಗುತ್ತದೆ. ಆಕಾಶದಿಂದ ಸಿಂಪಡಿಸುವವರು ಕನಿಷ್ಠ 24 ಗಂಟೆ ಮೊದಲು ಸಾರ್ವಜನಿಕರಿಗೆ ತಿಳಿಸಬೇಕು, ಪ್ರದೇಶವನ್ನು ಗುರುತು ಮಾಡಬೇಕು, ಜನ ಜಾನುವಾರು ಒಳಬಾರದಂತೆ ನೋಡಿಕೊಳ್ಳಬೇಕು ಎಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಡ್ರೋನ್ ಸಿಂಪಡಣೆಗೆಂದೇ ಕಾರ್ಯವಿಧಾನ ಪ್ರಕಟಿಸಿತು, 2022ರ ಏಪ್ರಿಲ್‌ನಲ್ಲಿ 477 ಕೀಟನಾಶಕಗಳನ್ನು ಡ್ರೋನ್ ಮೂಲಕ ಬಳಸಲು ಎರಡು ವರ್ಷದ ತಾತ್ಕಾಲಿಕ ಅನುಮತಿಯೂ ಸಿಕ್ಕಿತು. ಇವತ್ತಿಗೆ ಯಾವ ಔಷಧಿಗೆ ಅನುಮತಿ ಇದೆ, ಯಾವುದಕ್ಕೆ ಇಲ್ಲ ಎಂಬ ಪಟ್ಟಿ ಕನ್ನಡದಲ್ಲಿ ಪ್ರತಿ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ಇರಬೇಕು.

ಇನ್ನು ಬ್ಯಾಟರಿ. ತುಂಬಿದ ಟ್ಯಾಂಕಿನೊಂದಿಗೆ ಡ್ರೋನ್ ಹಾರುವುದು ಹತ್ತು ಹದಿನೈದು ನಿಮಿಷ, ಅಂದರೆ ಒಂದು ಜೊತೆ ಬ್ಯಾಟರಿಗೆ ಒಂದು ಎಕರೆ, ಹೆಚ್ಚೆಂದರೆ ಒಂದೂವರೆ. ದಿನಕ್ಕೆ ಇಪ್ಪತ್ತು ಎಕರೆ ಮುಗಿಸಬೇಕೆಂದರೆ ನಾಲ್ಕೈದು ಜೊತೆ ಬ್ಯಾಟರಿಗಳು ಸರದಿಯಲ್ಲಿ ಚಾರ್ಜ್ ಆಗುತ್ತಿರಬೇಕು. ಹೊಲದಲ್ಲಿ ಕರೆಂಟು ಇರುವುದಿಲ್ಲ, ಜನರೇಟರ್ ಒಯ್ಯಬೇಕು, ಅದನ್ನು ಸಾಗಿಸಲು ವಾಹನ ಬೇಕು. ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಈ ಬ್ಯಾಟರಿಗಳು ಸೋಲುತ್ತವೆ, ಹಾರಿ ಬಂದ ಕೂಡಲೇ ಬಿಸಿ ಇರುವಾಗಲೇ ಚಾರ್ಜಿಗೆ ಹಾಕಿದರೆ ಇನ್ನೂ ಬೇಗ. ಇದನ್ನೆಲ್ಲ ಎಕರೆವಾರು ಬಾಡಿಗೆಗೆ ಸೇರಿಸಿ ಲೆಕ್ಕ ಹಾಕದ ಸಂಘ ಎರಡನೆಯ ವರ್ಷಕ್ಕೆ ಯಂತ್ರವನ್ನು ಗೋದಾಮಿಗೆ ಸೇರಿಸಬೇಕಾಗುತ್ತದೆ. ರಿಪೇರಿಯ ಕಥೆಯೂ ಹೀಗೆಯೇ. ಜಾಲಿ ಗಿಡಕ್ಕೋ ವಿದ್ಯುತ್ ತಂತಿಗೋ ತಾಗಿ ಬಿದ್ದ ಡ್ರೋನನ್ನು ಹೈದರಾಬಾದಿಗೋ ಬೆಂಗಳೂರಿಗೋ ಕಳಿಸಿ ಎರಡು ವಾರ ಕಾಯುವಷ್ಟರಲ್ಲಿ ತೊಗರಿಯ ಹೂವಿನ ಕಾಲವೇ ಮುಗಿದಿರುತ್ತದೆ. ಬಿಡಿಭಾಗ ಜಿಲ್ಲಾ ಕೇಂದ್ರದಲ್ಲೇ ಸಿಗಬೇಕು, ರಿಪೇರಿ ತಡವಾದರೆ ಬದಲಿ ಯಂತ್ರ ಕೊಡಬೇಕು ಎಂಬ ಷರತ್ತನ್ನು ಬರಹದಲ್ಲಿ ಒಪ್ಪದ ಕಂಪನಿಯ ಡ್ರೋನ್ ಲಕ್ಷ ರೂಪಾಯಿ ಅಗ್ಗವಾದರೂ ನನ್ನ ಮಟ್ಟಿಗೆ ದುಬಾರಿಯೇ.

ದೊಡ್ಡ ಟ್ಯಾಂಕಿನ ಆಸೆಗೂ ಒಂದು ಮಿತಿ ಇದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹೊತ್ತ ಭಾರವೆಲ್ಲ ಸೇರಿ 25 ಕೆ.ಜಿ. ದಾಟಿದರೆ ಅದು ಸಣ್ಣ ವರ್ಗದಿಂದ ಮಧ್ಯಮ ವರ್ಗಕ್ಕೆ ಹೋಗುತ್ತದೆ, ಪೈಲಟ್ ಪಡೆದಿರುವ ಪ್ರಮಾಣಪತ್ರವೂ ಆ ವರ್ಗದ್ದೇ ಆಗಿರಬೇಕು. ವಿಮಾನಯಾನ ಮಹಾನಿರ್ದೇಶನಾಲಯದ ಟೈಪ್ ಸರ್ಟಿಫಿಕೇಟ್, ಅಂದರೆ ಮಾಡೆಲನ್ನು ಪರೀಕ್ಷಿಸಿ ಕೊಡುವ ಪ್ರಮಾಣಪತ್ರ, ಇರುವ ಮಾಡೆಲ್ ಹೌದೇ ಎಂಬುದನ್ನಂತೂ ಮುಂಗಡ ಕೊಡುವ ಮೊದಲೇ ನೋಡಬೇಕು.

ಸಬ್ಸಿಡಿ ಕೈಯಲ್ಲಿರುವುದರಿಂದಲೇ ಈ ಎಚ್ಚರ ಇನ್ನಷ್ಟು ಬೇಕು. ಕೇಂದ್ರ ಸರ್ಕಾರದ ಕೃಷಿ ಯಾಂತ್ರೀಕರಣ ಉಪ ಅಭಿಯಾನದಲ್ಲಿ ಕೃಷಿ ಯಂತ್ರಗಳ ಬಾಡಿಗೆ ಕೇಂದ್ರಗಳಿಗೆ ಶೇ 40ರಷ್ಟು, ಗರಿಷ್ಠ 4 ಲಕ್ಷ ರೂಪಾಯಿ, ಕೃಷಿ ಪದವೀಧರರು ತೆರೆಯುವ ಕೇಂದ್ರಗಳಿಗೆ ಶೇ 50ರಷ್ಟು, ಗರಿಷ್ಠ 5 ಲಕ್ಷ ರೂಪಾಯಿ ನೆರವು ನಿಗದಿಯಾಗಿದೆ. 2023ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ನಮೋ ಡ್ರೋನ್ ದೀದಿ ಯೋಜನೆ 15,000 ಮಹಿಳಾ ಸಂಘಗಳಿಗೆ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಕೊಡುತ್ತದೆ. ಉದ್ದೇಶ ಒಳ್ಳೆಯದು. ಆದರೆ ಅದರಲ್ಲಿ ಡ್ರೋನ್ ಖರೀದಿಸುವುದು ರಸಗೊಬ್ಬರ ಕಂಪನಿಗಳು. ಹಾರಿಸಬೇಕಾದ, ಬಾಡಿಗೆ ದುಡಿಯಬೇಕಾದ, ಕೆಟ್ಟಾಗ ಊರವರಿಗೆ ಉತ್ತರ ಕೊಡಬೇಕಾದ ಹೆಣ್ಣುಮಕ್ಕಳಿಗೆ ಯಾವ ಯಂತ್ರ ಬೇಕು ಎಂದು ಕೇಳುವವರಿಲ್ಲ. ಆಯ್ಕೆಯ ಸಮಿತಿಯಲ್ಲಿ ಅವರಲ್ಲಿ ಕೆಲವರಾದರೂ ಇರಬೇಕು, ಆ ಭಾರವನ್ನು ಎತ್ತಿ ಹೊಲಕ್ಕೆ ಒಯ್ಯಲು ಎಷ್ಟು ಜನ ಬೇಕಾಗುತ್ತದೆ ಎಂಬ ಸರಳ ಸಂಗತಿ ಅವರಿಗೇ ಚೆನ್ನಾಗಿ ಗೊತ್ತು.

ಆದ್ದರಿಂದ ಇಲಾಖೆಗೆ ನನ್ನ ಮನವಿ ಇಷ್ಟು: ಈ ಸಲದ ತೊಗರಿ ಹೂವಿಗೆ ಬರುವ ಮೊದಲೇ, ಸಬ್ಸಿಡಿ ಪಟ್ಟಿಯಲ್ಲಿರುವ ಎಲ್ಲ ಕಂಪನಿಗಳ ಡ್ರೋನ್‌ಗಳನ್ನು ತಾಲ್ಲೂಕಿಗೆ ಒಂದರಂತೆ ಆರಿಸಿದ ರೈತರ ಹೊಲದಲ್ಲೇ, ಒಂದೇ ದಿನ, ಒಂದೇ ಗಾಳಿಯಲ್ಲಿ ಹಾರಿಸಿ, ಹಳದಿ ಚೀಟಿಗಳ ಫಲಿತಾಂಶ, ಒಂದು ಜೊತೆ ಬ್ಯಾಟರಿಗೆ ಮುಗಿದ ಎಕರೆ ಮತ್ತು ಸರ್ವಿಸ್ ಕೇಂದ್ರದ ವಿಳಾಸವನ್ನು ಮಾಡೆಲ್‌ವಾರು ಪ್ರಕಟಿಸಲಿ. ಪರೀಕ್ಷೆಗೆ ಯಂತ್ರ ತರದ ಕಂಪನಿಯನ್ನು ಆ ವರ್ಷದ ಸಬ್ಸಿಡಿ ಪಟ್ಟಿಯಿಂದ ಕೈಬಿಡಲಿ.

ಇಂತಿ,
ತೊಗರಿ ಬೆಳೆಗಾರ ಹಾಗೂ ರೈತ ಉತ್ಪಾದಕ ಸಂಸ್ಥೆಯ ಸದಸ್ಯ
ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ