ಚಂದ್ರತಾಲ್ ಪ್ರವಾಸ: ದಾರಿ, ದಿನ, ದರ ಬದಲಾದ ಬಗ್ಗೆ

ನಮ್ಮ ಎಲ್ಲ ಗ್ರಾಹಕರಿಗೆ ಮಡಿಕೇರಿಯಿಂದ ನಮಸ್ಕಾರ.

ಈ ಸಲ ಹಿಮಾಚಲದ ಚಂದ್ರತಾಲ್ ಕೆರೆಯ ಪ್ರವಾಸದ ದರ ನೋಡಿ ಬಹಳ ಜನ ಫೋನ್ ಮಾಡಿದ್ದೀರಿ. ಕೆಲವರು ಬೇಜಾರಿನಲ್ಲಿ, ಒಬ್ಬರಿಬ್ಬರು ಸಿಟ್ಟಿನಲ್ಲೇ. ಚಂಡೀಗಢದಿಂದ 7 ದಿನಕ್ಕೆ 24,000 ರೂಪಾಯಿ ಇದ್ದದ್ದು ಈಗ 10 ದಿನಕ್ಕೆ 32,000 ಆಗಿದೆ. ಜುಲೈ ಬಿಟ್ಟು ಸೆಪ್ಟೆಂಬರ್‌ನಲ್ಲಿ, ನಮ್ಮ ಕೊಡಗಿನ ಕೈಲ್ ಮುಹೂರ್ತ ಹಬ್ಬ ಮುಗಿಸಿ ಹೊರಡುತ್ತೇವೆ. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೆ ಬಹಳ ಮೊದಲೇ ಎಲ್ಲರೂ ಮನೆಯಲ್ಲಿರುತ್ತೀರಿ.

ದಿನ ಜಾಸ್ತಿ ಮಾಡಿದ್ದು ದುಡ್ಡಿಗಲ್ಲ. ಮನಾಲಿ ಹತ್ತಿರದ ಅಟಲ್ ಸುರಂಗ 2020ರಲ್ಲಿ ಆದ ಮೇಲೆ ಬೆಳಿಗ್ಗೆ ಮನಾಲಿ ಬಿಟ್ಟರೆ ಸಂಜೆಗೆ ಕೆರೆ ಹತ್ತಿರ ಇರಬಹುದು. ನಾವೂ ಹಾಗೇ ಮಾಡುತ್ತಿದ್ದೆವು. ಮನಾಲಿ ಸುಮಾರು 2,050 ಮೀಟರ್, ಚಂದ್ರತಾಲ್ ಸುಮಾರು 4,300. ನಮ್ಮ ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ ತುದಿಯೇ 1,748! ಒಂದೇ ದಿನದಲ್ಲಿ ಅಷ್ಟು ಹತ್ತಿದರೆ ದೇಹ ಒಗ್ಗುವುದಿಲ್ಲ. ಕಳೆದ ವರ್ಷ ನಮ್ಮ ಜೊತೆ ಬಂದ ಹಿರಿಯರೊಬ್ಬರಿಗೆ ರಾತ್ರಿ ತಲೆನೋವು, ವಾಂತಿ ಶುರುವಾಗಿ, ಆ ಕಲ್ಲುದಾರಿಯಲ್ಲಿ ಕತ್ತಲಲ್ಲೇ ಕೆಳಗೆ ಇಳಿಸಬೇಕಾಯಿತು. ಅವರು ಚೆನ್ನಾಗಿದ್ದಾರೆ, ನಮ್ಮ ಮೇಲೆ ಒಂದು ಮಾತೂ ಆಡಲಿಲ್ಲ. ಆದರೆ ತಪ್ಪು ನಮ್ಮದೇ. ಇನ್ನು ಮೇಲೆ ನಾರ್ಕಂಡ, ಕಲ್ಪಾ, ನಾಕೋ, ಕಾಜಾ ಅಂತ ನಿಂತು ನಿಂತು ಹತ್ತಿ, ಕುಂಜುಮ್ ಘಾಟ್ ದಾಟಿ ಕೆರೆಗೆ ಹೋಗುತ್ತೇವೆ. ವಾಪಸ್ ಬರುವುದು ಮಾತ್ರ ಮನಾಲಿ ಕಡೆಯಿಂದ. ಒಂದು ದಿನ ಸುಮ್ನೆ ಕೈಯಲ್ಲಿ ಇಟ್ಟುಕೊಂಡಿದ್ದೇವೆ. 2023ರ ಜುಲೈನಲ್ಲಿ ಮಳೆ, ಹಿಮ ಸೇರಿ ಅಲ್ಲಿನ ಕ್ಯಾಂಪ್‌ಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ದಿನಗಟ್ಟಲೆ ಸಿಕ್ಕಿಬಿದ್ದದ್ದು ನಿಮಗೂ ನೆನಪಿರಬಹುದು.

ಈಗ ಎಲ್ಲರೂ ಹೇಳುವ ದೂರಿಗೆ ಬರೋಣ. ‘ಕೆರೆ ದಡದಲ್ಲಿ ಟೆಂಟ್ ಅಂದಿರಿ, ಟೆಂಟಿನಿಂದ ಕೆರೆಯೇ ಕಾಣಲ್ಲ!’

ನಿಜ, ಕಾಣುವುದಿಲ್ಲ. ನಮ್ಮ ಪೋಸ್ಟರ್‌ನಲ್ಲಿ ಹಳೆಯ ಫೋಟೋ ಹಾಕಿದ್ದು ತಪ್ಪು, ಕ್ಷಮಿಸಿ. ತೆಗೆದಿದ್ದೇವೆ. ಆದರೆ ದಡದಲ್ಲಿ ಟೆಂಟ್ ಹಾಕಲು ಅಲ್ಲಿ ಬಿಡುವುದೇ ಇಲ್ಲ. ಚಂದ್ರತಾಲ್ 2005ರಿಂದ ರಾಮ್ಸಾರ್ ಪಟ್ಟಿಯಲ್ಲಿರುವ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿರುವ ಕೆರೆ. ಕ್ಯಾಂಪ್‌ಗಳೆಲ್ಲ ಕೆಲವು ಕಿಲೋಮೀಟರ್ ಈಚೆಗೆ. ಗಾಡಿ ಕೂಡ ನೀರಿನವರೆಗೆ ಹೋಗುವುದಿಲ್ಲ, ಕೊನೆಗೆ ನಡೆಯಲೇಬೇಕು. ನಮ್ಮ ದುಬಾರೆಯಲ್ಲಿ ಯಾರಾದರೂ ಕಾವೇರಿ ಹೊಳೆಗೆ ಬಾಟಲಿ ಎಸೆದು ಹೋದರೆ ನಮಗೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಆ ಕೆರೆ ಇರುವ ಸ್ಪಿತಿಯವರಿಗೂ ಹಾಗೇ. ಬೇರೆಯವರು ದಡದಲ್ಲೇ ಮಲಗಿಸುತ್ತೇವೆ ಅಂದರೆ ಒಂದೋ ಸುಳ್ಳು, ಇಲ್ಲಾ ಕದ್ದುಮುಚ್ಚಿ ಮಾಡುವ ಕೆಲಸ. ನಾವು ಎರಡೂ ಮಾಡುವುದಿಲ್ಲ. ಅದರ ಬದಲು ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತೇವೆ, ಫ್ಲಾಸ್ಕ್‌ನಲ್ಲಿ ನಮ್ಮೂರ ಕಾಫಿ ಹಿಡಿದು ಬಿಸಿಲು ಬೀಳುವ ಮೊದಲೇ ನೀರಿನ ಹತ್ತಿರ ಇರುತ್ತೇವೆ. ಬೈದುಕೊಂಡು ಎದ್ದವರೂ ಅಲ್ಲಿ ಬಾಯಿ ಮುಚ್ಚಿ ನಿಂತದ್ದನ್ನು ನೋಡಿದ್ದೇವೆ.

ಖರ್ಚಿನ ವಿಷಯವನ್ನೂ ಹೇಳಲೇಬೇಕು. ‘ಒಂದು ಟೆಂಟಿಗೆ ಇಷ್ಟಾ’ ಅನ್ನುತ್ತೀರಿ. ನಮ್ಮ ಟಿಟಿ (ಟೆಂಪೋ ಟ್ರಾವೆಲರ್) ಪಾತ್ರೆ, ಕುಕ್ಕರ್, ಅಡುಗೆಯವರ ಸಮೇತ ಮಡಿಕೇರಿಯಿಂದಲೇ ಹೊರಡುತ್ತದೆ. ಚಂಡೀಗಢಕ್ಕೇ ಎರಡೂವರೆ ಸಾವಿರ ಕಿಲೋಮೀಟರಿಗೂ ಜಾಸ್ತಿ. ದಾರಿಯುದ್ದಕ್ಕೂ ಡೀಸೆಲ್, ಟೋಲ್, ಹೊರಗಿನ ಗಾಡಿ ಅಂತ ತೆರಿಗೆ. ಕಾಜಾದಿಂದ ಆಚೆ ಅಲ್ಲಿನವರ ಜೀಪೇ ಬೇಕು. ಅದರ ಬಾಡಿಗೆ ಕೇಳಿದರೆ ನಿಮಗೂ ತಲೆ ಸುತ್ತುತ್ತದೆ. ಗ್ಯಾಸ್ ಕೂಡ ಅಲ್ಲಿ ಜಾಸ್ತಿ ಬೇಕು. ಆ ಎತ್ತರದಲ್ಲಿ ನೀರು 86 ಡಿಗ್ರಿ ಸುತ್ತಮುತ್ತಲೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಅನ್ನ ಬೇಯುವುದಿಲ್ಲ. ಹೋದ ಸಲದ ಕಡಂಬುಟ್ಟು (ಅಕ್ಕಿ ಕಡುಬು) ಹಸಿಹಸಿ ಇತ್ತು ಅಂದವರೇ, ತಪ್ಪು ಅಡುಗೆಯವರದಲ್ಲ. ಆದರೂ ಪಂದಿ ಕರಿಗೆ (ಹಂದಿ ಸಾರಿಗೆ) ಯಾರೂ ಹೆಸರಿಟ್ಟಿಲ್ಲ!

ಮೊದಲೇ ಹೇಳಿಬಿಡುತ್ತೇವೆ: ಕಕ್ಕಸು ಗುಂಡಿಯದು, ಟೆಂಟಿನಿಂದ ಹೊರಗೆ. ಸ್ನಾನ ಇಲ್ಲ. ಫೋನ್ ಸಿಗ್ನಲ್ ಇಲ್ಲ. ಸೆಪ್ಟೆಂಬರ್ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ನಮ್ಮ ಮಳೆಗಾಲದ ಚಳಿ ಅದರ ಮುಂದೆ ಏನೂ ಅಲ್ಲ. ಇದು ಆಗದವರು ದಯವಿಟ್ಟು ಬರಬೇಡಿ, ನಮಗೆ ಬೇಜಾರಿಲ್ಲ.

ಮುಂಗಡ ಕೊಟ್ಟವರಿಗೆ ಹಳೆಯ ದರವೇ. ಬೇಡ ಅನ್ನುವವರಿಗೆ ಪೂರ್ತಿ ವಾಪಸ್, ಕಾರಣ ಕೇಳುವುದಿಲ್ಲ. ಬಿಪಿ, ಉಬ್ಬಸ ಇರುವವರು ಡಾಕ್ಟರ ಹತ್ತಿರ ಒಂದು ಮಾತು ಕೇಳಿಯೇ ಹೆಸರು ಕೊಡಿ. ಅಪ್ಪ ಅಮ್ಮನನ್ನು ಕಳಿಸುವವರು ಸಂಜೆ ಆರರ ಮೇಲೆ ಅಂಗಡಿಗೆ ಬನ್ನಿ. ಮ್ಯಾಪ್ ಇಟ್ಟು ಯಾವ ರಾತ್ರಿ ಎಲ್ಲಿ ಮಲಗುತ್ತಾರೆ ಅಂತ ಕೂತು ತೋರಿಸುತ್ತೇವೆ.

ನಿಮ್ಮ ಪ್ರವಾಸ ತಂಡ,
ಮಡಿಕೇರಿ